ಕಂಪೈಲರ್ ಆರಿಸುವವರು ಯಾರು: ಸೀಮೇಕ್, ಮೀಸಾನ್, ಬೇಜಲ್

ಪುಣೆಯ ಹಿಂಜವಡಿಯಲ್ಲಿ ನಮ್ಮ ತಂಡ ಬರೆಯುವ ಸಿ ಪ್ಲಸ್ ಪ್ಲಸ್ ಕೋಡ್ ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಪರೀಕ್ಷೆಗೊಳಗಾಗಿ, ಕೊನೆಗೆ ಬೇರೆ ಬಗೆಯ ಪ್ರೊಸೆಸರಿರುವ ಆರ್ಮ್ ಬೋರ್ಡಿನ ಮೇಲೆ ಓಡಬೇಕು. ಯಾವುದಕ್ಕೆ ಯಾವ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ) ಎಂಬ ತೀರ್ಮಾನ ನಾಲ್ಕಾರು ಶೆಲ್ ಸ್ಕ್ರಿಪ್ಟುಗಳಲ್ಲಿ ಚೆದುರಿಹೋಗಿತ್ತು. ಅದನ್ನು ಒಂದೆಡೆ ತರಲೆಂದು ಅದೇ ಕೋಡನ್ನು ಸೀಮೇಕ್, ಮೀಸಾನ್, ಬೇಜಲ್ ಎಂಬ ಮೂರು ಬಿಲ್ಡ್ ವ್ಯವಸ್ಥೆಗಳಲ್ಲಿ (ಕೋಡಿನಿಂದ ಪ್ರೋಗ್ರಾಂ ತಯಾರಿಸುವ ಸಲಕರಣೆಗಳಲ್ಲಿ) ಕಟ್ಟಿ ನೋಡಿದೆ. ಒರೆಗಲ್ಲಾಗಿ ಇಟ್ಟುಕೊಂಡದ್ದು ದತ್ತಾಂಶವನ್ನು ಅಡಕವಾಗಿ ಕಳಿಸಲು ಬಳಸುವ ಪ್ರೋಟೋಬಫ್: ಅದರ ಕೋಡ್ ಹುಟ್ಟಿಸುವ ಪ್ರೋಗ್ರಾಂ ಲ್ಯಾಪ್‌ಟಾಪಿನಲ್ಲೇ ಓಡಬೇಕು, ಅದರ ಲೈಬ್ರರಿ ಬೋರ್ಡಿಗೆ ಹೋಗಬೇಕು.

ಸೀಮೇಕ್‌ನಲ್ಲಿ ಟೂಲ್‌ಚೈನ್ (ಕಂಪೈಲರ್ ಮತ್ತು ಅದರ ಜೊತೆಯ ಸಲಕರಣೆಗಳು) ಯಾವುದೆಂದು ಹೇಳುವ ಫೈಲ್ ಬರೆಯುವುದು ಸುಲಭ, 3.21ನೇ ಆವೃತ್ತಿಯಿಂದ ಅದರ ಹೆಸರನ್ನು ಪ್ರಿಸೆಟ್‌ನಲ್ಲೇ (ಬರೆದಿಟ್ಟ ಆಯ್ಕೆಗಳ ಗುಚ್ಛದಲ್ಲೇ) ಕೊಡಬಹುದಾದ್ದರಿಂದ ಉದ್ದುದ್ದ ಕಮಾಂಡುಗಳೂ ತಪ್ಪುತ್ತವೆ. ಆದರೆ ಒಂದು ಬಿಲ್ಡ್ ಫೋಲ್ಡರಿನಲ್ಲಿ ಒಂದು ಭಾಷೆಗೆ ಒಂದೇ ಕಂಪೈಲರ್. ಹೀಗಾಗಿ ಪ್ರೋಟೋಬಫ್‌ನ ಪ್ರೋಗ್ರಾಂ ಕೂಡ ಆರ್ಮ್‌ಗೆಂದೇ ತಯಾರಾಗಿ, ಲ್ಯಾಪ್‌ಟಾಪು ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಎಂದು ಕೈಚೆಲ್ಲಿತು. ಅದನ್ನು ಬೇರೆ ಫೋಲ್ಡರಿನಲ್ಲಿ ಮೊದಲೇ ಕಟ್ಟಿಕೊಂಡು ದಾರಿ ತೋರಿಸಬೇಕಾಯಿತು. ಟೂಲ್‌ಚೈನ್ ಬದಲಿಸಿದರೂ ಹಳೆಯ ಕ್ಯಾಶೆ (ಹಿಂದಿನ ಆಯ್ಕೆಗಳನ್ನು ನೆನಪಿಟ್ಟ ಫೈಲು) ಜಗ್ಗದೆ ಅರ್ಧ ದಿನ ಹೋದಾಗ, ಧಾರವಾಡದ ಗೆಳೆಯರೊಬ್ಬರು ‘ಮೊದಲ ಆ ಬಿಲ್ಡ್ ಫೋಲ್ಡರ್ ಅಳಿಸ್ರಿ’ ಎಂದದ್ದೇ ಮದ್ದಾಯಿತು.

ಮೀಸಾನ್ ಈ ತೊಡಕನ್ನು ಒಂದೇ ಸಾಲಿನಲ್ಲಿ ಬಿಡಿಸಿತು: ಆ ಪ್ರೋಗ್ರಾಮಿಗೆ ‘ನೇಟಿವ್: ಟ್ರೂ’, ಅಂದರೆ ಕಟ್ಟುವ ಯಂತ್ರಕ್ಕೇ ತಯಾರಿಸು, ಎಂದರೆ ಸಾಕು. ಆದರೆ ಬೇರೆ ಯಂತ್ರಕ್ಕೆ ಕಟ್ಟುವ ವಿವರಗಳಿರುವ ಅದರ ಕ್ರಾಸ್ ಫೈಲಿನಲ್ಲಿ ‘ಹೋಸ್ಟ್’ ಎಂದರೆ ಬೋರ್ಡು. ನಮ್ಮವರೆಲ್ಲರ ಬಾಯಲ್ಲಿ ಹೋಸ್ಟ್ ಎಂದರೆ ಲ್ಯಾಪ್‌ಟಾಪು.

ಹೆಚ್ಚು ದಿನ ತಿಂದದ್ದು ಬೇಜಲ್. 2023ರ ಡಿಸೆಂಬರಿನಲ್ಲಿ ಬಂದ 7ನೇ ಆವೃತ್ತಿಯಿಂದ ಸಿ ಪ್ಲಸ್ ಪ್ಲಸ್‌ಗೂ ಟೂಲ್‌ಚೈನನ್ನು ಪ್ಲಾಟ್‌ಫಾರಂ (ಯಾವ ಬಗೆಯ ಯಂತ್ರ ಎಂಬ ವಿವರ) ನೋಡಿ ಅದೇ ಆರಿಸುತ್ತದೆ. ಟೂಲ್‌ಚೈನನ್ನು ಕೈಯಾರೆ ಸೂಚಿಸುವ ಹಳೆಯ ‘ಕ್ರಾಸ್‌ಟೂಲ್ ಟಾಪ್’ ಫ್ಲಾಗು ಬೇಕಿಲ್ಲ. ಪ್ರತಿ ಟೂಲ್‌ಚೈನೂ ತಾನು ಎಲ್ಲಿ ಓಡುತ್ತೇನೆ, ಯಾವುದಕ್ಕಾಗಿ ಕೋಡ್ ಕಟ್ಟುತ್ತೇನೆ ಎಂಬ ಎರಡನ್ನೂ ಬೇರೆಬೇರೆಯಾಗಿ ಹೇಳಿಕೊಳ್ಳುವುದರಿಂದ ಪ್ರೋಟೋಬಫ್ ತಕರಾರಿಲ್ಲದೆ ದಾಟಿತು. ಎಡವಿದ್ದು ನಾನು. ಆರ್ಮ್ ಟೂಲ್‌ಚೈನಿಗೆ ಟಾರ್ಗೆಟ್ ನಿರ್ಬಂಧ (ಯಾವ ಯಂತ್ರಕ್ಕೆ ಮಾತ್ರ ಕಟ್ಟುತ್ತದೆ ಎಂಬ ಷರತ್ತು) ಬರೆಯುವುದನ್ನು ಮರೆತಿದ್ದೆ. ನಿರ್ಬಂಧವಿಲ್ಲದ್ದು ಎಲ್ಲಕ್ಕೂ ಹೊಂದುತ್ತದೆ. ಮೇಲಾಗಿ ಅದನ್ನೇ ಮೊದಲು ನೋಂದಾಯಿಸಿದ್ದರಿಂದ ಆಯ್ಕೆಯಾದದ್ದೂ ಅದೇ. ಲ್ಯಾಪ್‌ಟಾಪಿನ ಪರೀಕ್ಷೆಗಳೆಲ್ಲ ಆರ್ಮ್‌ಗೆಂದು ಕಟ್ಟಿಕೊಂಡು ಒಂದೂ ಓಡಲಿಲ್ಲ. ‘ಟೂಲ್‌ಚೈನ್ ರೆಸಲ್ಯೂಶನ್ ಡೀಬಗ್’ ಫ್ಲಾಗು ಹಾಕಿದಾಗ, ಯಾವುದು ಆಯ್ಕೆಯಾಯಿತು, ಯಾವುದು ಏಕೆ ತಿರಸ್ಕೃತವಾಯಿತು ಎಂಬುದು ಸಾಲುಸಾಲಾಗಿ ಕಂಡಿತು. ಇಂಥ ಉತ್ತರ ಉಳಿದೆರಡರಿಂದ ನನಗೆ ಸಿಗಲಿಲ್ಲ.

ರಸ್ಟ್, ಗೋ ಭಾಷೆಗಳ ಕೋಡೂ ಸೇರಿರುವ ದೊಡ್ಡ ರೆಪೊಸಿಟರಿಗೆ (ಕೋಡ್ ಸಂಗ್ರಹಕ್ಕೆ) ಬೇಜಲ್ ಇಟ್ಟುಕೊಂಡು, ಬಿಡಿ ಸಲಕರಣೆಗಳನ್ನು ಮೀಸಾನ್‌ಗೆ ಒಪ್ಪಿಸಿದ್ದೇನೆ. ಬೋರ್ಡು ಪೂರೈಸುವವರು ಕೊಡುವುದು ಸೀಮೇಕ್ ಟೂಲ್‌ಚೈನ್ ಫೈಲನ್ನು ಮಾತ್ರ. ಅವರ ಲೈಬ್ರರಿಯೊಂದು ಈಗಲೂ ಸೀಮೇಕ್‌ನಲ್ಲೇ ಕಟ್ಟಲ್ಪಡುತ್ತಿದೆ.