ಸೆಲ್‌ಸರ್ಚ್: ಯಂತ್ರ ಪಕ್ಕಾ, ಎಚ್ಚರ ಬೇಕಿರುವುದು ಟ್ಯೂಬಿನ ಹಂತದಲ್ಲಿ

7.5 ಮಿ.ಲೀ. ರಕ್ತದಲ್ಲಿ ಕೋಟಿಗಟ್ಟಲೆ ಬಿಳಿ ರಕ್ತಕಣಗಳಿರುತ್ತವೆ. ಅವುಗಳ ನಡುವೆ ನಾಲ್ಕೈದು ಕ್ಯಾನ್ಸರ್ ಕೋಶಗಳಿದ್ದರೂ ಹೆಕ್ಕಿ ಎಣಿಸಿಕೊಡುವ ಕೆಲಸ ಸೆಲ್‌ಸರ್ಚ್ ಎಂಬ ರಕ್ತಪರೀಕ್ಷಾ ವ್ಯವಸ್ಥೆಯದು. ದೇಹದಲ್ಲಿ ಹರಡಿದ ಸ್ತನ ಕ್ಯಾನ್ಸರ್‌ಗೆ 2004ರಲ್ಲಿ, ದೊಡ್ಡ ಕರುಳಿನ ಕ್ಯಾನ್ಸರ್‌ಗೆ 2007ರಲ್ಲಿ, ಪ್ರಾಸ್ಟೇಟ್‌ಗೆ 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಸಿಕ್ಕಿದೆ.

ಕೋಶಗಳನ್ನು ಹಿಡಿಯುವುದು ಫೆರೋಫ್ಲೂಯಿಡ್, ಅಂದರೆ ಇಂಥ ಕೋಶಗಳ ಮೈಮೇಲಿರುವ ಎಪ್‌ಕ್ಯಾಮ್ ಪ್ರೋಟೀನಿಗೆ ಅಂಟುವ ಪ್ರತಿಕಾಯಗಳನ್ನು ಹೊದ್ದ ಕಾಂತೀಯ ನ್ಯಾನೋಕಣಗಳು. ಇಷ್ಟು ಸಣ್ಣ ಕಣಗಳು ಬೇಗ ತಳಕ್ಕೆ ಇಳಿಯುವುದಿಲ್ಲ, ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಕೋಶವನ್ನು ಮರೆಮಾಡುವುದೂ ಇಲ್ಲ. ದೊಡ್ಡ ಕಾಂತೀಯ ಮಣಿಗಳಿಗಿಂತ ಇವು ಮೇಲು ಎನ್ನಲು ನಮಗೆ ಇದೇ ಕಾರಣ.

ಫಲಿತಾಂಶ ಕೆಡುವುದು ಬಹುಪಾಲು ಯಂತ್ರಕ್ಕೆ ಮೊದಲೇ. ರಕ್ತ ಸಂಗ್ರಹಿಸುವ ಸೆಲ್‌ಸೇವ್ ಟ್ಯೂಬನ್ನು ಎಂದೂ ಮೊದಲು ತುಂಬಬೇಡಿ. ಸೂಜಿ ಚುಚ್ಚಿದಾಗ ಕಿತ್ತುಬರುವ ಚರ್ಮದ ಕೋಶಗಳು ಅದಕ್ಕೆ ಸೇರಿಬಿಡುತ್ತವೆ. ತುಂಬಿದ ಕೂಡಲೇ ಎಂಟು ಸಲ ಮೆಲ್ಲಗೆ ತಲೆಕೆಳಗು ಮಾಡಿ. 15ರಿಂದ 30 ಡಿಗ್ರಿಯಲ್ಲಿ 96 ಗಂಟೆ ಇಡಬಹುದು, ಫ್ರಿಜ್ ಮಾತ್ರ ಬೇಡ. ಡಾಕ್ಸೊರುಬಿಸಿನ್ ಎಂಬ ಕೀಮೋ ಔಷಧ ಕೊಟ್ಟಿದ್ದರೆ ಏಳು ದಿನ ಬಿಟ್ಟೇ ರಕ್ತ ತೆಗೆಯಿರಿ: ಕೋಶ ಗುರುತಿಸುವುದು ಹೊಳೆಯುವ ಬಣ್ಣಗಳಿಂದ, ಆ ಔಷಧವೂ ತಾನೇ ಹೊಳೆಯುತ್ತದೆ.

7.5 ಮಿ.ಲೀ. ರಕ್ತಕ್ಕೆ 6.5 ಮಿ.ಲೀ. ಬಫರ್ ಬೆರೆಸಿ, 800 ಜಿ ವೇಗದಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಬೇಕು. ಬ್ರೇಕ್ ಆಫ್ ಇರಲಿ. ಬ್ರೇಕ್ ಹಾಕಿದರೆ ಪದರ ಕದಡುತ್ತದೆ. ಮಾದರಿ ಸಿದ್ಧಪಡಿಸುವ ಆಟೋಪ್ರೆಪ್ ಯಂತ್ರ ಪ್ಲಾಸ್ಮಾ ಮತ್ತು ಕೆಂಪು ಕಣಗಳ ನಡುವಿನ ಗೆರೆ ನೋಡಿಕೊಂಡೇ ಮೇಲಿನದನ್ನು ಹೀರುವುದು. ಕೆಂಪು ಕಣ ಒಡೆದ ಮಾದರಿಯಲ್ಲೂ ಗೆರೆ ಸರಿಯಾಗಿ ಕಾಣದೆ ಇದೇ ತೊಂದರೆ. ಕೊನೆಗೆ ಕಾರ್ಟ್ರಿಜ್ ಮುಚ್ಚುವಾಗ ಗುಳ್ಳೆ ಉಳಿಯಬಾರದು. ಕಾರ್ಟ್ರಿಜ್ ಕೂರಿಸುವ ಕಾಂತದ ಹಿಡಿಕೆಯಾದ ಮ್ಯಾಗ್‌ನೆಸ್ಟ್ ಅನ್ನು ಕತ್ತಲಲ್ಲಿ ಕನಿಷ್ಠ 20 ನಿಮಿಷ ಸಮತಟ್ಟಾಗಿ ಇಟ್ಟು, 24 ಗಂಟೆಯೊಳಗೆ ಸ್ಕ್ಯಾನ್ ಮಾಡಿ.

ಸ್ಕ್ಯಾನ್ ಆದ ಮೇಲೆ ಪರದೆಯ ಮೇಲೆ ಪುಟ್ಟ ಚಿತ್ರಗಳ ಸಾಲು ಬರುತ್ತದೆ. ಹಸಿರು ಸೈಟೊಕೆರಾಟಿನ್ (ಹೊದಿಕೆ ಅಂಗಾಂಶದ ಕೋಶಗಳ ಪ್ರೋಟೀನ್), ಅದರೊಳಗೆ ನೇರಳೆ ನ್ಯೂಕ್ಲಿಯಸ್, ಬಿಳಿ ಕಣಗಳ ಗುರುತಾದ ಸಿಡಿ45 ಇಲ್ಲ, ಅಳತೆ ಕನಿಷ್ಠ 4 ಮೈಕ್ರಾನ್: ಇವೆಲ್ಲ ಕೂಡಿದರೆ ಮಾತ್ರ ಕ್ಯಾನ್ಸರ್ ಕೋಶ. ಜೊತೆಗೇ ಬಂದ ಸಾವಿರಾರು ಬಿಳಿ ಕಣಗಳ ನಡುವೆ ಕೊನೆಯ ತೀರ್ಪು ಮನುಷ್ಯನದೇ. ಮುನ್ಸೂಚನೆ ಕೆಟ್ಟದೆಂದು ಹೇಳುವ ಗಡಿ ಸ್ತನ, ಪ್ರಾಸ್ಟೇಟ್‌ಗೆ 5 ಕೋಶ, ಕರುಳಿಗೆ 3. ಹಾಗಾಗಿ ಗಡಿಯ ಆಸುಪಾಸಿನ ಎಣಿಕೆಯನ್ನು ಇಬ್ಬರು ಬೇರೆಬೇರೆಯಾಗಿ ಓದಲೇಬೇಕು. ಒಂದೇ ಕೋಶ ವರದಿಯನ್ನು ತಿರುಗಿಸಬಲ್ಲದು.

ದೊಡ್ಡ ಕೊರತೆ ಒಂದಿದೆ. ಹರಡುವ ಹಾದಿಯಲ್ಲಿ ಎಪ್‌ಕ್ಯಾಮ್ ಕಳೆದುಕೊಂಡ ಕೋಶಗಳು ಈ ಬಲೆಗೆ ಬೀಳುವುದೇ ಇಲ್ಲ. ಆದ್ದರಿಂದ ಸೊನ್ನೆ ಬಂದರೆ ರೋಗವಿಲ್ಲ ಎಂದು ದಯವಿಟ್ಟು ಯಾರಿಗೂ ಹೇಳಬೇಡಿ. ಆರೋಗ್ಯವಂತರ ತಪಾಸಣೆಗೂ ಇದು ಸಲ್ಲದು. ಎಣಿಕೆ ಇಳಿಯದವರಿಗೆ ಬೇಗನೆ ಕೀಮೋ ಬದಲಿಸಿದರೂ ಆಯಸ್ಸು ಹೆಚ್ಚಲಿಲ್ಲವೆಂದು 2014ರಲ್ಲಿ ಪ್ರಕಟವಾದ, ಸ್ತನ ಕ್ಯಾನ್ಸರ್ ರೋಗಿಗಳ ಎಸ್0500 ಪ್ರಯೋಗ ತೋರಿಸಿತು. ಮುನ್ಸೂಚನೆಗೆ ಬಲವಾದ ಪರೀಕ್ಷೆ, ಔಷಧ ಆರಿಸಲು ಅಲ್ಲ.

ಕೊಳ್ಳುವ ಮುನ್ನ ವಾರಕ್ಕೆ ಎಷ್ಟು ಮಾದರಿ ಬರುತ್ತವೆ ಎಂದು ಲೆಕ್ಕ ಹಾಕಿ. ಕಿಟ್ 16 ಪರೀಕ್ಷೆಗಳದ್ದು; ಪರೀಕ್ಷೆ ಸರಿಯಿದೆಯೇ ಎಂದು ನೋಡುವ ಕಂಟ್ರೋಲ್ ಮಾದರಿ ಓಡಿಸಿದಾಗಲೂ ಅದರದೇ ರಾಸಾಯನಿಕ ಖರ್ಚು. ಮಾದರಿ ಕಡಿಮೆಯಿದ್ದರೆ 96 ಗಂಟೆಯ ಅವಕಾಶ ಬಳಸಿ, ಕೂಡಿಹಾಕಿ ಒಟ್ಟಿಗೆ ಓಡಿಸಿ.