ಸಿನಿಮಾಕ್ಕೆ ಸ್ಟಾರ್ ಕೊಟ್ಟರೆ ದುಡ್ಡು ಅಂತ ಮೆಸೇಜ್ ಬಂದರೆ ಉತ್ತರವನ್ನೇ ಕೊಡಬೇಡಿ

ಮೂರು ದಿನದಿಂದ ಬರೆಯಲೋ ಬೇಡವೋ ಅಂತ ಒದ್ದಾಡಿದೆ. ನಾಚಿಕೆ ಆಗುತ್ತಿದೆ. ಆದರೆ ನಿನ್ನೆ ನಮ್ಮ ಬಿಲ್ಡಿಂಗಿನ ಒಬ್ಬ ಹುಡುಗಿಗೂ ಅದೇ ಮೆಸೇಜ್ ಬಂದಿದೆ ಅಂತ ಗೊತ್ತಾಯಿತು. ಒಂದಕ್ಷರವೂ ಬದಲಿಲ್ಲ. ಇನ್ನು ಸುಮ್ಮನಿರುವುದು ತಪ್ಪು ಅನ್ನಿಸಿತು. ನನ್ನ 65,000 ರೂಪಾಯಿ ಹೋಯಿತು. ಟ್ಯೂಷನ್ ಹೇಳಿ ಕೂಡಿಸಿದ ದುಡ್ಡು, ಮಗನ ಕಾಲೇಜು ಫೀಸಿಗೆ ಅಂತ ತೆಗೆದಿಟ್ಟದ್ದು.

ಸಿನಿಮಾ ನೋಡಿ ಬಂದರೆ ಅದರ ಬಗ್ಗೆ ನಾಲ್ಕು ಸಾಲು ಬರೆಯದೆ ನನಗೆ ನಿದ್ದೆ ಬರುವುದಿಲ್ಲ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದುಕೊಂಡು ಕನ್ನಡ ಸಿನಿಮಾ ನೋಡುವ ಕಷ್ಟ ಇಲ್ಲಿನವರಿಗೆ ಹೇಳಬೇಕಾಗಿಲ್ಲ, ಸಿಕ್ಕರೆ ಒಂದೋ ಎರಡೋ ಶೋ, ಅದೂ ಥಾಣೆಗೋ ಮುಲುಂಡಿಗೋ ಲೋಕಲ್ ಹಿಡಿದು ಹೋಗಬೇಕು, ವಾರ ಕಳೆದರೆ ಅದೂ ಇಲ್ಲ. ಹಾಗಾಗಿ ನೋಡಿ ಬಂದವರ ಮಾತಿಗೆ ಇಲ್ಲಿ ಬೆಲೆ ಇದೆ. ನಮ್ಮ ಹೆಂಗಸರ ಗುಂಪಿನಲ್ಲಿ "ಅಕ್ಕಾ, ನೀವು ಹೇಳಿದ್ರೆ ಟಿಕೆಟ್ ತೆಗೀತೀವಿ" ಅನ್ನುತ್ತಾರೆ. ನನಗೆ ಅದು ಖುಷಿ. ಆ ಖುಷಿಯನ್ನೇ ಇವರು ಬಳಸಿಕೊಂಡರು, ಅದೇ ಹೊಟ್ಟೆ ಉರಿಯುವುದು.

ವಾಟ್ಸಾಪಿನಲ್ಲಿ ಹಿಂದಿಯಲ್ಲಿ ಬಂತು. "ನೋಡಿದ ಸಿನಿಮಾಗಳ ಬಗ್ಗೆ ಅಭಿಪ್ರಾಯ ಹೇಳಿ, ಮನೆಯಲ್ಲೇ ಕೂತು ದುಡಿಯಿರಿ." ಹೂಂ ಅಂದೆ. ಟೆಲಿಗ್ರಾಂನಲ್ಲಿ ಒಂದು ಗುಂಪಿಗೆ ಸೇರಿಸಿದರು. ಮೂರು ಪೋಸ್ಟರ್ ಕಳಿಸಿ ಸ್ಟಾರ್ ಒತ್ತಿ ಅಂದರು. ಅದರಲ್ಲಿ ಒಂದು ನಾನು ಹಿಂದಿನ ವಾರ ಮನೆಯಲ್ಲೇ ನೋಡಿದ್ದ ಮಲಯಾಳಂ ಸಿನಿಮಾ. ಮೂರು ಸ್ಟಾರ್ ಕೊಟ್ಟು, ತಾಯಿಯ ಪಾತ್ರ ಮಾತೇ ಆಡದೆ ಎಲ್ಲ ಹೇಳುತ್ತದೆ, ಆದರೆ ಇಂಟರ್ವಲ್ ಆದ ಮೇಲೆ ಕತೆಯನ್ನು ಸುಮ್ನೆ ಎಳೆದಿದ್ದಾರೆ ಅಂತ ಮನಸ್ಸಿಟ್ಟು ಬರೆದೆ. ತಕ್ಷಣ ಉತ್ತರ ಬಂತು. "ದೀದಿ, ಬರೆಯೋದೆಲ್ಲ ಬೇಡ. ಐದು ಸ್ಟಾರ್ ಒತ್ತಿ ಸಾಕು."

ಅಲ್ಲೇ ಎದ್ದು ಬರಬೇಕಿತ್ತು. ನನ್ನ ಅಭಿಪ್ರಾಯ ಅವರಿಗೆ ಬೇಕಾಗಿರಲೇ ಇಲ್ಲ. ಆದರೆ ಹತ್ತು ನಿಮಿಷದಲ್ಲಿ ಖಾತೆಗೆ 150 ರೂಪಾಯಿ ಬಂದುಬಿಟ್ಟಿತು, ನಿಜವಾದ ದುಡ್ಡು. ಮರುದಿನ "ಪ್ರೀಪೇಯ್ಡ್ ಟಾಸ್ಕ್" ಅಂದರು, ಅಂದರೆ ಮೊದಲು ನಾವು ದುಡ್ಡು ಹಾಕಬೇಕು. 1,000 ಹಾಕಿದೆ, 1,300 ವಾಪಸ್ ಬಂತು. ಇದೇ ಅವರ ಗಾಳ. ಮೊದಲು ಅವರೇ ಕೊಡುತ್ತಾರೆ, ಕೊಟ್ಟೇ ಕೊಡುತ್ತಾರೆ.

ಆಮೇಲೆ 5,000. ಅದು ವಾಪಸ್ ಬರಲಿಲ್ಲ, ಅವರ ವೆಬ್‌ಸೈಟಿನಲ್ಲಿ ನನ್ನ ಹೆಸರಿನ ಮುಂದೆ ಅಂಕಿ ಮಾತ್ರ ಏರಿತು. ಇದು ಕಾಂಬೋ ಟಾಸ್ಕ್, ಒಟ್ಟು ಮೂರು ಸಲ ದುಡ್ಡು ಹಾಕಿ ಮುಗಿಸಿದರೆ ಮಾತ್ರ ತೆಗೆಯಬಹುದು ಅಂದರು. 18,000 ಹಾಕಿದೆ. ಪ್ರತಿ ಸಲ ಬೇರೆ ಬೇರೆ ಯುಪಿಐ ಐಡಿ. ಒಮ್ಮೆ ಯಾವುದೋ ಟ್ರೇಡರ್ಸ್ ಹೆಸರು, ಒಮ್ಮೆ ಯಾರೋ ಒಬ್ಬ ಮನುಷ್ಯನ ಹೆಸರು. ಕೇಳಿದೆ, ಕೇಳಲಿಲ್ಲ ಅಂತಲ್ಲ. "ದೀದಿ, ಅವು ಮರ್ಚೆಂಟ್ ಅಕೌಂಟ್, ಹಾಗೇ ಇರುತ್ತೆ. ಬೇಗ ಮಾಡಿ, ನಿಮ್ಮಿಂದ ಇನ್ನೂ ನಾಲ್ಕು ಜನರ ದುಡ್ಡು ನಿಂತಿದೆ." ಗುಂಪಿನಲ್ಲಿ ಆ ನಾಲ್ಕು ಜನ ಶುರು ಮಾಡಿದರು. ಪುಣೆಯವಳು ಅಂತ ಹೇಳಿಕೊಂಡ ಒಬ್ಬಳು, "ನಾನು ಬಳೆ ಅಡವಿಟ್ಟು ಹಾಕಿದೆ, ನಿಮ್ಮಿಂದಾಗಿ ನನ್ನದೂ ಹೋಗುತ್ತೆ" ಅಂತ ಅಳುವ ಹಾಗೆ ಬರೆದಳು. ನನ್ನಿಂದ ಇನ್ನೊಬ್ಬರಿಗೆ ಯಾಕೆ ತೊಂದರೆ ಅಂತ 42,000 ಹಾಕಿದೆ. ಎಲ್ಲ ಒಂದೇ ಮಧ್ಯಾಹ್ನ. ಕುಕ್ಕರ್ ಕೂಗುತ್ತಿತ್ತು, ಆಫ್ ಮಾಡಲಿಕ್ಕೂ ಏಳಲಿಲ್ಲ.

ವೆಬ್‌ಸೈಟಿನಲ್ಲಿ ಆಗ 96,400 ತೋರಿಸುತ್ತಿತ್ತು. ತೆಗೆಯಲು ಹೋದರೆ 30 ಪರ್ಸೆಂಟ್ ಟ್ಯಾಕ್ಸ್ ಮೊದಲು ಕಟ್ಟಿ ಅಂತ ಬಂತು, 28,920. ಅದರಲ್ಲೇ ಮುರಿದುಕೊಂಡು ಉಳಿದದ್ದು ಕೊಡಿ ಅಂದೆ. "ಸಿಸ್ಟಮ್ ಒಪ್ಪಲ್ಲ ದೀದಿ." ಇಲ್ಲವೆಂದರೆ ನಾನು ಹಾಕಿದ್ದಷ್ಟೇ ಕೊಡಿ ಅಂದೆ. "ದೀದಿ, ನಿಮಗೆ ದುಡ್ಡು ಬೇಕೋ ಬೇಡವೋ?"

ಆ ಮಾತು ಓದಿದಾಗ ಕೈಕಾಲು ತಣ್ಣಗಾಯಿತು. ಗುಂಪಿನಲ್ಲಿ ಹಿಂದಕ್ಕೆ ಹೋಗಿ ಒಂದೊಂದೇ ನೋಡಿದೆ. ದುಡ್ಡು ಬಂತು ಅಂತ ಮೂವರು ಹಾಕಿದ್ದ ಸ್ಕ್ರೀನ್‌ಶಾಟ್. ಮೂರರಲ್ಲೂ ಮೇಲೆ ಸಮಯ 3:47, ಮೂರರಲ್ಲೂ ಬ್ಯಾಟರಿ 62. ಮೂರು ಜನ ಅಲ್ಲ, ಒಂದೇ ಫೋನು. ಪುಣೆಯವಳೂ ಇರಲಿಲ್ಲ, ಬಳೆಯೂ ಇರಲಿಲ್ಲ. ಅಷ್ಟು ದೊಡ್ಡ ಗುಂಪಿನಲ್ಲಿ ನಿಜವಾಗಿ ಇದ್ದವಳು ನಾನೊಬ್ಬಳೇ ಇರಬೇಕು. "ನೀವು ಕಳ್ಳರು" ಅಂತ ಬರೆದೆ. ಆ ಕಡೆಯಿಂದ ಕೈಮುಗಿಯುವ ಚಿತ್ರ ಒಂದು ಬಂತು, ಮರುಕ್ಷಣ ನನ್ನನ್ನು ಗುಂಪಿನಿಂದ ತೆಗೆದರು. ಆ ಕೈಮುಗಿದ ಚಿತ್ರ ಇನ್ನೂ ಕಣ್ಣಿಗೆ ಕಟ್ಟಿದೆ.

ಮನೆಯವರಿಗೆ ಹೇಳಲು ಹೆದರಿ ರಾತ್ರಿಯವರೆಗೆ ಸುಮ್ಮನಿದ್ದೆ. ಅದೇ ದೊಡ್ಡ ತಪ್ಪು. ಹೋದ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುತ್ತದೆ, ಬೇಗ ಹೇಳಿದರೆ ಮಾತ್ರ ನಡುವೆ ತಡೆಯಬಹುದು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲೂ ದೂರು ಹಾಕಬಹುದು. ಮೊದಲು ಇದನ್ನು ಮಾಡಿ, ಅಳುವುದು ಆಮೇಲೆ. ನಾನು ರಾತ್ರಿ ಹತ್ತಕ್ಕೆ ಮಾಡಿದ್ದರಿಂದ ಒಂದು ಖಾತೆಯಲ್ಲಿ 11,000 ಚಿಲ್ಲರೆ ಮಾತ್ರ ಹೋಲ್ಡ್ ಆಗಿದೆ, ಅದೂ ಇನ್ನೂ ಕೈಗೆ ಬಂದಿಲ್ಲ. ಮಧ್ಯಾಹ್ನವೇ ಮಾಡಿದ್ದರೆ ಇನ್ನೂ ಸ್ವಲ್ಪ ಉಳಿಯುತ್ತಿತ್ತೇನೋ. ಚಾಟ್ ಅಳಿಸಬೇಡಿ. ಸಿಟ್ಟಿನಲ್ಲಿ ನಾನು ಅರ್ಧ ಅಳಿಸಿದ್ದೆ, ಪೊಲೀಸರು ಮೊದಲು ಕೇಳಿದ್ದೇ ಅದನ್ನು.

ಕೆಲಸ ಕೊಡುವವರು ನಮಗೆ ದುಡ್ಡು ಕೊಡಬೇಕು, ನಮ್ಮಿಂದ ಕೇಳುವುದಿಲ್ಲ. ನನ್ನ ಮಗನಿಗೆ ಇದನ್ನು ನಾನೇ ನೂರು ಸಲ ಹೇಳಿದ್ದೆ.

ಇವತ್ತು ಬೆಳಿಗ್ಗೆ ಇನ್ನೊಂದು ಫೋನ್ ಬಂತು. ಕಳೆದುಕೊಂಡ ದುಡ್ಡು ವಾಪಸ್ ಕೊಡಿಸುತ್ತೇವೆ, ಫೈಲ್ ಚಾರ್ಜ್ 2,000 ಅಂದ. ನನ್ನ ಹೆಸರು, ಹೋದ ಮೊತ್ತ, ಎರಡೂ ಅವನಿಗೆ ಸರಿಯಾಗಿ ಗೊತ್ತಿತ್ತು. ಇವರೂ ಅವರೇ. ನಿಮಗೂ ಇಂಥ ಫೋನ್ ಬಂದಿದ್ದರೆ ದಯವಿಟ್ಟು ಒಂದು ರೂಪಾಯಿಯನ್ನೂ ಹಾಕಬೇಡಿ.