ನಮ್ಮ ಕೆಂಪಿಗೊಂದು ಕಲ್ಲು: ಶಿವಾರಪಟ್ಟಣದಲ್ಲಿ ಮಾಡಿಸಿದ ಅನುಭವ

ಸಾಕಿದ ನಾಯಿಯ ನೆನಪಿಗೆ ಕಲ್ಲು ಮಾಡಿಸಬೇಕು ಅಂತ ಇದ್ದೀರಾ? ಆನ್‌ಲೈನ್ ಫಲಕಗಳನ್ನು ಬಿಟ್ಟು ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋಗಿ. ದುಡ್ಡು ಜಾಸ್ತಿ, ಕಾಯೋದು ಇನ್ನೂ ಜಾಸ್ತಿ. ಆದರೂ ಹೋಗಿ.

ಫಲಕಗಳನ್ನು ನಾನೂ ನೋಡಿದ್ದೆ. ನುಣ್ಣನೆಯ ಗ್ರಾನೈಟು, ಮೇಲೆ ಯಂತ್ರದಲ್ಲಿ ಕೊರೆದ ಫೋಟೋ, ಮೂಲೆಯಲ್ಲಿ ಎರಡು ಪಂಜದ ಗುರುತು. ಯಾವ ನಾಯಿಯ ಫೋಟೋ ಕೊಟ್ಟರೂ ಕೊನೆಗೆ ಅದು ಒಂದೇ ನಾಯಿ. ನಮ್ಮ ಕೆಂಪಿ ಬೀದಿಯಿಂದ ಬಂದವಳು. ಬಲಗಿವಿ ನೆಟ್ಟಗೆ, ಎಡಗಿವಿ ಯಾವಾಗಲೂ ಅರ್ಧ ಮಡಚಿಕೊಂಡಿರೋದು. 13 ವರ್ಷ ನಮ್ಮ ಹೊಸಕೋಟೆ ಮನೆಯಲ್ಲಿ ರಾಗಿ ಮುದ್ದೆ, ಮೊಸರು ತಿಂದುಕೊಂಡು ಇದ್ದಳು. ಈಗ ಹಿತ್ತಲಲ್ಲಿ ಸೀಬೆ ಗಿಡದ ಕೆಳಗಿದ್ದಾಳೆ. ಆ ಕಿವಿ ಸರಿಯಾಗಿ ಬರದ ಕಲ್ಲು ನಮಗೆ ಬೇಕಾಗಿರಲಿಲ್ಲ.

ಶಿವಾರಪಟ್ಟಣದಲ್ಲಿ ಬೀದಿ ಬೀದಿಗೂ ವಿಗ್ರಹ ಕೆತ್ತುವವರಿದ್ದಾರೆ. ತಗಡಿನ ಶೆಡ್ಡುಗಳು, ಅರ್ಧ ಆದ ಗಣಪತಿಗಳು, ಇನ್ನೂ ಮೂಗು ಬರದ ಆಂಜನೇಯ, ಎಲ್ಲದರ ಮೇಲೂ ಬೂದು ಬಣ್ಣದ ಧೂಳು. ನಾಯಿ ಕೆತ್ತಿಕೊಡಿ ಅಂದಾಗ ಮೊದಲು ಕೇಳಿದ ಕಡೆಯೆಲ್ಲ ಭೈರವನ ವಾಹನ ಅಂದುಕೊಂಡರು. ಭೈರವ ಬೇಡ, ಬರೀ ನಾಯಿ ಅಂದರೆ ನಕ್ಕರು.

ಕೊನೆಗೆ ಸಿಕ್ಕ ಆಚಾರ್ರು ನಗಲಿಲ್ಲ. ವಯಸ್ಸಾದವರು. ಅಳತೆ, ರೇಟು ಯಾವುದನ್ನೂ ಎತ್ತದೆ "ಯಾರನ್ನ ಕಂಡರೆ ಬೊಗಳ್ತಿತ್ತಮ್ಮ?" ಅಂದರು. ಗ್ಯಾಸ್ ಸಿಲಿಂಡರಿನವನನ್ನು, ಅಂದೆ. ಪೋಸ್ಟ್‌ಮ್ಯಾನ್ ಬಂದರೆ ಬಾಲ ಆಡಿಸೋಳು. ಸಿಲಿಂಡರ್ ಉರುಳುವ ಸದ್ದು ಪಕ್ಕದ ಬೀದಿಯಿಂದ ಕೇಳಿದರೂ ಸಾಕು, ಗೇಟಿನ ಮೇಲೆ ಕಾಲಿಟ್ಟು ನಿಲ್ಲೋಳು. "ಅದಕ್ಕೇ ಕೇಳಿದ್ದು. ಬೊಗಳೋ ನಾಯಿಗೆ ಕತ್ತು ಮೇಲಿರುತ್ತೆ, ಕಾಯೋ ನಾಯಿಗೆ ಕಿವಿ ಮುಂದಿರುತ್ತೆ. ನಿಮಗೆ ಯಾವುದು ಬೇಕು?" ಈ ಪ್ರಶ್ನೆಗೇ ನಾನು ಅಡ್ವಾನ್ಸ್ ಕೊಟ್ಟುಬಿಟ್ಟೆ.

ಮೊಬೈಲಿನಲ್ಲಿದ್ದ ಆತಕೂರಿನ ಕಲ್ಲಿನ ಚಿತ್ರವನ್ನೂ ತೋರಿಸಿದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 949-50ರ ಸುಮಾರಿಗೆ ಹಾಕಿಸಿದ ಕಲ್ಲು ಅದು. ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನದು. ಗಂಗರ ದೊರೆ ಬೂತುಗ, ಯುದ್ಧದಲ್ಲಿ ಮೆರೆದ ತನ್ನ ಕಡೆಯ ವೀರ ಮಣಲೆರನಿಗೆ ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆ ಮಾಡದೆ ಉಣ್ಣಬಾರದು ಅಂತ ನೋಡಿಕೊಳ್ಳುವವನಿಗೆ ಕಟ್ಟಳೆ ಬೇರೆ ಹಾಕಿದರು. ಆಚಾರ್ರು ಚಿತ್ರವನ್ನು ದೊಡ್ಡದು ಮಾಡಿ ನೋಡಿ, "ಇದೇ ಥರ ಎಗರೋ ಹಾಗೆ ಮಾಡಲಾ?" ಅಂದರು. ಬೇಡ ಅಂದೆವು. ಕೆಂಪಿ ಹಿತ್ತಲ ಹೆಗ್ಗಣದ ಎದುರೂ ಗೆದ್ದವಳಲ್ಲ. ದೀಪಾವಳಿ ಬಂದರೆ ಬಚ್ಚಲಲ್ಲಿ ಹಂಡೆ ಹಿಂದೆ ಇರುತ್ತಿದ್ದಳು.

ಭಂಗಿ ಹೇಳಿದ್ದು ಅಮ್ಮ. ಅಪ್ಪ ಹೊರಗಿಂದ ಬಂದು ಚಪ್ಪಲಿ ಬಿಟ್ಟರೆ ಕೆಂಪಿ ಎಡಗಾಲಿನದನ್ನು ಮಾತ್ರ ಕಚ್ಚಿಕೊಂಡು ಹೋಗೋಳು. ಹಲ್ಲಿನ ಗುರುತೂ ಆಗುತ್ತಿರಲಿಲ್ಲ. ಬಾಗಿಲ ಹತ್ತಿರ ಹಾಕಿಕೊಂಡು ಅದರ ಮೇಲೆ ಗದ್ದ ಊರಿ ಮಲಗೋಳು, ಅಷ್ಟೇ. ಅಪ್ಪ ಹೋದ ಮೇಲೂ ಅಮ್ಮ ಆ ಚಪ್ಪಲಿ ಬಿಸಾಡಲಿಲ್ಲ. ಅದು ಅಪ್ಪನ ನೆನಪಿಗೋ ಕೆಂಪಿಗೆ ಬೇಕು ಅಂತಲೋ, ನಾವು ಕೇಳಿಲ್ಲ. ಆಚಾರ್ರಿಗೆ ಇಲ್ಲಿ ಸ್ವಲ್ಪ ಕಷ್ಟವಾಯಿತು. ದೇವರನ್ನು ಕೆತ್ತುವ ಜಾಗ. "ಚಪ್ಪಲಿ ಅಂತ ಬೇಡಮ್ಮ, ಪಾದುಕೆ ಮಾಡ್ತೀನಿ" ಅಂದರು. "ನಮ್ಮ ಯಜಮಾನರು ಹಾಕ್ತಿದ್ದಿದ್ದು ಹವಾಯಿ" ಅಂದರು ಅಮ್ಮ. ಹವಾಯಿಯೇ ಆಯಿತು, ಪಟ್ಟಿ ಸಮೇತ.

ಇನ್ನು ತಕರಾರುಗಳು. ಮೊದಲ ಸಲ ನೋಡಿದಾಗ ಮುಖ ಪೂರ್ತಿ ಸಿಂಹದ್ದು. ಗುಡ್ಡೆ ಕಣ್ಣು, ಕತ್ತಿನ ಸುತ್ತ ಸುರುಳಿ ಕೂದಲು. ದಿನಾ ದೇವಸ್ಥಾನದ ಕೆಲಸ ಮಾಡುವ ಕೈ, ಅದೇ ದಾರಿ ಹಿಡಿಯುತ್ತೆ. ಪುಣ್ಯಕ್ಕೆ ಕಲ್ಲು ದಪ್ಪ ಬಿಟ್ಟಿದ್ದರು, ಉಳಿ ಹಿಡಿದು ಸರಿ ಮಾಡಿದರು. ಹಾಗಾಗಿ ಪಾಲಿಷ್ ಆಗುವ ಮೊದಲೇ ಹೋಗಿ ನೋಡಿ, ಪಕ್ಕದಿಂದ ತೆಗೆದ ಫೋಟೋ ಕೊಡಿ. ಬಾಲ ಈಗಲೂ ದಪ್ಪ. ದೊಡ್ಡ ವಿಗ್ರಹದ ಆರ್ಡರ್ ಬಂದರೆ ನಮ್ಮಂಥವರ ಕೆಲಸ ಹಿಂದಕ್ಕೆ ಹೋಗುತ್ತೆ, ಫೋನೂ ಎತ್ತಲ್ಲ. ಬಿಲ್ ಕೇಳಿದರೆ ಚೀಟಿಯಲ್ಲಿ ಬರೆದುಕೊಟ್ಟರು.

ಆದರೆ ಆ ಎಡಗಿವಿ! ಮಡಿಕೆಯ ಒಳಗೆ ಸಣ್ಣ ನೆರಳು ಬೀಳುವಷ್ಟು ಆಳಕ್ಕೆ ಕೊರೆದಿದ್ದಾರೆ. ಅಮ್ಮ ಅಲ್ಲೇ ಬೆರಳು ಇಟ್ಟು ನೋಡಿದರು.

ಒಂದೂವರೆ ಅಡಿ ಎತ್ತರದ ಕೃಷ್ಣಶಿಲೆ, ಕೈಯಲ್ಲೇ ಕೆತ್ತಿದ ಹೆಸರು, ಎಲ್ಲ ಸೇರಿ ₹14,000. ಗ್ರಾನೈಟ್ ಇನ್ನೂ ಗಟ್ಟಿ, ಆದರೆ ಈ ಸಣ್ಣ ಕೆಲಸಕ್ಕೆ ಕೃಷ್ಣಶಿಲೆಯೇ ಸರಿ. ಎಣ್ಣೆ ಸವರಿದರೆ ಕಪ್ಪಗಾಗುತ್ತೆ. ನಾವು ಸವರಿಲ್ಲ, ಕೆಂಪಿ ಕಪ್ಪಗೆ ಯಾಕೆ ಆಗಬೇಕು? ತರುವಾಗ ಗೋಣಿಚೀಲ, ಹುಲ್ಲು ನೀವೇ ತಗೊಂಡು ಹೋಗಿ. ನಮ್ಮದರ ಒಂದು ಮೂಲೆ ಕಾರಿನ ಡಿಕ್ಕಿಯಲ್ಲಿ ಚಕ್ಕೆ ಎದ್ದಿತು. ನಾವು ಕೊಟ್ಟ ಕಡೆ ಅಮಾವಾಸ್ಯೆ ದಿನ ಉಳಿ ಮುಟ್ಟಲ್ಲ, ಹೊರಡುವ ಮುಂಚೆ ಕ್ಯಾಲೆಂಡರ್ ನೋಡಿಕೊಳ್ಳಿ.